ನಿಹಿಲಿಸ್ಟ್ ಬ್ಯಾಂಡಿನ ಆಲ್ಬಂ ಯಾಕೆ ಎಲ್ಲೂ ಸಿಗುತ್ತಿಲ್ಲ?

ಸ್ವೀಡನ್ನಿನ ಡೆತ್ ಮೆಟಲ್ (ಅಬ್ಬರದ, ಭಾರವಾದ ರಾಕ್ ಸಂಗೀತ) ಬ್ಯಾಂಡ್ ಎಂಟೂಂಬ್ಡ್ ಕೇಳಿ ಇಷ್ಟವಾಯಿತು, ಅದಕ್ಕೂ ಮುಂಚಿನ ನಿಹಿಲಿಸ್ಟ್ ಬ್ಯಾಂಡಿನ ಆಲ್ಬಂ ಮಾತ್ರ ಎಷ್ಟು ಹುಡುಕಿದರೂ ಸಿಗುತ್ತಿಲ್ಲ ಅಂತ ಕೇಳಿದ್ದೀರಿ. ಹುಡುಕೋದು ಬಿಟ್ಟುಬಿಡಿ. ಅವರು ಆಲ್ಬಂ ಮಾಡಲೇ ಇಲ್ಲ!

ಸ್ಟಾಕ್‌ಹೋಮ್‌ನ ಹುಡುಗರು ಇವರು. 1987ರಲ್ಲಿ ಶುರು ಮಾಡಿದಾಗ ಡ್ರಮ್ಸ್ ಬಾರಿಸುತ್ತಿದ್ದ ನಿಕ್ಕೆ ಆಂಡರ್ಸನ್‌ಗೆ ಇನ್ನೂ ಹದಿನೈದರ ಆಸುಪಾಸು. 1989ರಲ್ಲಿ ಬ್ಯಾಂಡ್ ಮುಗಿದೇ ಹೋಯಿತು. ಉಳಿದಿದ್ದು ಮೂರು ಡೆಮೊ (ಮಾದರಿಗೆಂದು ಮಾಡಿಕೊಂಡ ರೆಕಾರ್ಡಿಂಗ್) ಕ್ಯಾಸೆಟ್: 'ಪ್ರಿಮೆಚೂರ್ ಆಟಾಪ್ಸಿ', 'ಓನ್ಲಿ ಶ್ರೆಡ್ಸ್ ರಿಮೇನ್', 'ಡ್ರೌನ್ಡ್'. ಮೂರೂ ಸೇರಿದರೆ ಎಂಟು ಹಾಡು, ಅಷ್ಟೇ. ಅಭಿಮಾನಿಗಳು ಅಂಚೆಯಲ್ಲಿ ಒಬ್ಬರಿಗೊಬ್ಬರು ಕಳಿಸಿ, ಕಾಪಿಯಿಂದ ಕಾಪಿ ಮಾಡಿ ಹಂಚಿದ್ದರಿಂದ ಹೆಸರು ಊರೂರು ಸುತ್ತಿತು.

ಮೊದಲನೆಯದು ಚೆನ್ನಾಗಿದೆ, ಆದರೆ ಸೌಂಡು ತೆಳು. ನಿಜವಾದ ಮಜಾ ಇರೋದು ಎರಡನೆಯದರಲ್ಲಿ. 1988ರ ಡಿಸೆಂಬರ್‌ನಲ್ಲಿ ತೋಮಸ್ ಸ್ಕೋಗ್ಸ್‌ಬೆರಿಯ ಸನ್‌ಲೈಟ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿದ್ದು. ಗಿಟಾರ್ ಅಂದರೆ ಮರ ಕೊಯ್ಯುವ ಗರಗಸದ ಹಾಗೆ. ಆ ಸೌಂಡಿನ ಹಿಂದೆ ಇದ್ದವನು ಲೀಫ್ ಕುಜ್ನರ್ ಅನ್ನೋ ಹುಡುಗ. ಬಾಸ್ ಕಂಪನಿಯ ಎಚ್‌ಎಂ-2 ಅಂತ ಒಂದು ಪೆಡಲ್, ಅಂದರೆ ಗಿಟಾರ್ ಸೌಂಡು ಬದಲಿಸುವ ಕಪ್ಪು ಡಬ್ಬಿ, ಮೇಲೆ ನಾಲ್ಕು ನಾಬ್. ನಾಲ್ಕನ್ನೂ ಕೊನೇವರೆಗೆ ತಿರುಗಿಸಿಬಿಟ್ಟ! ಅದರದೇ ನಕಲು ಪೆಡಲ್ ನನ್ನ ಹತ್ತಿರ ಒಂದಿದೆ. ಹಾಗೆ ತಿರುಗಿಸಿದರೆ ತಂತಿ ಮುಟ್ಟದಿದ್ದರೂ ಬುಸ್ ಅಂತ ಹಾವಿನ ಸದ್ದು. ನುಡಿಸದೇ ಇರುವಷ್ಟು ಹೊತ್ತು ಅಂಗೈಯಿಂದ ತಂತಿ ಒತ್ತಿ ಹಿಡಿದಿರಬೇಕು, ಒಂದು ಕ್ಷಣ ಬಿಟ್ಟರೆ ಕಿರಿಚಿಕೊಳ್ಳುತ್ತದೆ. ಅಂಥದ್ದನ್ನು ಆ ವೇಗದಲ್ಲಿ, ಅಷ್ಟು ಬಿಗಿಯಾಗಿ ಹೇಗೆ ನುಡಿಸಿದರೋ, ನನಗಂತೂ ಇವತ್ತಿಗೂ ಬಂದಿಲ್ಲ.

ಬೇಜಾರಿನ ವಿಷಯ ಅಂದರೆ, ಅದೇ ಸೌಂಡು ಎಂಟೂಂಬ್ಡ್‌ನ 1990ರ 'ಲೆಫ್ಟ್ ಹ್ಯಾಂಡ್ ಪಾತ್' ಆಲ್ಬಂನಲ್ಲಿ ಲೋಕಕ್ಕೆಲ್ಲ ಗೊತ್ತಾಗುವ ಹೊತ್ತಿಗೆ ಕುಜ್ನರ್ ಬ್ಯಾಂಡಿನಲ್ಲೇ ಇರಲಿಲ್ಲ. ಸ್ವೀಡನ್ ಬಿಟ್ಟು ಹೋಗಿದ್ದ. 2006ರಲ್ಲಿ ತೀರಿಕೊಂಡ.

ಬ್ಯಾಂಡ್ ಮುರಿದ ಕಥೆ ಮಾತ್ರ ನಗು ತರಿಸುತ್ತದೆ. ಬೇಸ್ ಗಿಟಾರ್ ನುಡಿಸುತ್ತಿದ್ದ ಜಾನಿ ಹೆಡ್ಲುಂಡ್ ಜೊತೆ ಉಳಿದವರಿಗೆ ಸರಿಬರಲಿಲ್ಲ. 'ನೀನು ಬೇಡ' ಅಂತ ಮುಖಕ್ಕೆ ಹೇಳೋಕೆ ಆಗದೆ ಬ್ಯಾಂಡನ್ನೇ ಮುಚ್ಚಿದರು. ಆಮೇಲೆ ಅವನೊಬ್ಬನನ್ನು ಬಿಟ್ಟು ಸೇರಿಕೊಂಡು ಎಂಟೂಂಬ್ಡ್ ಅಂತ ಹೆಸರಿಟ್ಟುಕೊಂಡರು. ಹದಿಹರೆಯದವರು ಮಾಡೋ ಕೆಲಸವೇ ಅಲ್ವಾ! ಹೆಡ್ಲುಂಡ್ ಸುಮ್ನೆ ಕೂರಲಿಲ್ಲ, ಅನ್‌ಲೀಶ್ಡ್ ಕಟ್ಟಿದ. ಹೀಗೆ ಒಂದು ಜಗಳದಿಂದ ನಮಗೆ ಎರಡು ಒಳ್ಳೆ ಬ್ಯಾಂಡ್ ಸಿಕ್ಕವು.

ಈಗ ಕೇಳೋದು ಹೇಗೆ ಅಂದರೆ, ಡೆಮೊಗಳನ್ನೆಲ್ಲ ಒಟ್ಟುಮಾಡಿ 2005ರಲ್ಲಿ 'ನಿಹಿಲಿಸ್ಟ್ 1987-1989' ಅಂತ ಒಂದು ಸಂಕಲನ ಬಂದಿದೆ. ಆಲ್ಬಂ ಅಂತ ಹುಡುಕಬೇಡಿ, ಈ ಹೆಸರಲ್ಲಿ ಹುಡುಕಿ. ಮೊದಲು 'ರೆವೆಲ್ ಇನ್ ಫ್ಲೆಶ್' ಹಾಕಿ. ಅದು ಮುಗಿದ ತಕ್ಷಣ 'ಲೆಫ್ಟ್ ಹ್ಯಾಂಡ್ ಪಾತ್'ನಲ್ಲಿರುವ ಅದೇ ಹಾಡು ಕೇಳಿ. ಆಲ್ಬಂನದ್ದು ಜಾಸ್ತಿ ದಪ್ಪ, ಜಾಸ್ತಿ ಅಚ್ಚುಕಟ್ಟು. ಆದರೂ ನನ್ನ ಓಟು ಡೆಮೊಗೇ.