ಫಾರ್ಮ್ಯಾಟ್ ಮಾಡ್ಬೇಡಿ, ಫೈಲ್‌ಗಳು ಅಲ್ಲೇ ಇರ್ತವೆ

ಪೆನ್‌ಡ್ರೈವ್‌ನಲ್ಲಿರೋ ಫೋಲ್ಡರ್‌ಗಳೆಲ್ಲಾ ಶಾರ್ಟ್‌ಕಟ್ ಆಗ್ಬಿಟ್ಟಿವೆ, ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳಿದೀರಲ್ಲ, ದಯವಿಟ್ಟು ಬೇಡ, ನಿಮ್ಮ ಫೋಟೋ ಡಾಕ್ಯುಮೆಂಟ್ ಎಲ್ಲಾ ಅದರಲ್ಲೇ ಇರೋ ಸಾಧ್ಯತೆ ಜಾಸ್ತಿ. ಈ ಥರದ ವೈರಸ್ ಅಸಲಿ ಫೋಲ್ಡರ್‌ನ ಬಚ್ಚಿಟ್ಟು ಅದೇ ಹೆಸರಲ್ಲಿ ಶಾರ್ಟ್‌ಕಟ್ ಇಡುತ್ತೆ, ನೀವು ಡಬಲ್ ಕ್ಲಿಕ್ ಮಾಡಿದ ತಕ್ಷಣ ಮೊದಲು ವೈರಸ್‌ನ ಸ್ಕ್ರಿಪ್ಟ್, ಅಂದ್ರೆ ಒಂದು ಸಣ್ಣ ಪ್ರೋಗ್ರಾಂ, ಓಡುತ್ತೆ, ಆಮೇಲೆ ಫೋಲ್ಡರ್ ತೆರೆಯುತ್ತೆ, ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್, ಅಂದ್ರೆ ಅದು ಏನನ್ನ ತೆರೆಯುತ್ತೆ ಅನ್ನೋದನ್ನ, ನೋಡಿ, ಫೋಲ್ಡರ್ ಬದಲು ಯಾವ್ದೋ ಸ್ಕ್ರಿಪ್ಟ್ ಹೆಸರು ಕಂಡ್ರೆ ಇದೇ ಕಾಟ.

ಇನ್ನು ಶಾರ್ಟ್‌ಕಟ್ ಯಾವ್ದನ್ನೂ ಒತ್ತಬೇಡಿ. ವೈರಸ್ ನಿಮ್ಮ ಕಂಪ್ಯೂಟರ್‌ನಲ್ಲೂ ಕೂತಿರಬಹುದು, ಅದನ್ನ ಬಿಟ್ಟು ಬರೀ ಪೆನ್‌ಡ್ರೈವ್ ತೊಳೆದ್ರೆ ಮತ್ತೆ ಹಾಕಿದ ಕೂಡ್ಲೇ ಅಂಟ್ಕೊಳ್ಳುತ್ತೆ. ಹಾಗಾಗಿ ಪೆನ್‌ಡ್ರೈವ್ ತೆಗೆದು ಮೊದಲು ವಿಂಡೋಸ್ ಜೊತೆಗೇ ಬರೋ ಆಂಟಿವೈರಸ್ ಆದ ವಿಂಡೋಸ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಹಾಕಿ, ಅದು ವಿಂಡೋಸ್ ಶುರುವಾಗೋ ಮುಂಚೆನೇ ಹುಡುಕುತ್ತೆ, ಆಮೇಲೆ ಪೆನ್‌ಡ್ರೈವ್ ಹಾಕಿ ಅದನ್ನೂ ಸ್ಕ್ಯಾನ್ ಮಾಡಿ.

ಫೈಲ್ ವಾಪಸ್ ಕಾಣೋಕೆ ಫೋಲ್ಡರ್ ಆಪ್ಶನ್ಸ್‌ನಲ್ಲಿ ಹಿಡನ್ ಫೈಲ್ಸ್ ತೋರಿಸು ಅನ್ನೋದನ್ನ ಆನ್ ಮಾಡಿದ್ರೆ ಸಾಲದು, ಪ್ರೊಟೆಕ್ಟೆಡ್ ಸಿಸ್ಟಂ ಫೈಲ್ಸ್ ಮರೆಮಾಡು ಅನ್ನೋ ಟಿಕ್ಕೂ ತೆಗೀಬೇಕು, ಹೆಚ್ಚಿನವರು ಇಲ್ಲೇ ಎಡವಿ ಎಲ್ಲಾ ಹೋಯ್ತು ಅಂದ್ಕೊಂಡು ಫಾರ್ಮ್ಯಾಟ್ ಒತ್ತಿಬಿಡ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಕಂಡ ಮೇಲೆ ನಿಮ್ಮ ಫೈಲ್ ಮಾತ್ರ ಬೇರೆ ಕಡೆ ಕಾಪಿ ಮಾಡ್ಕೊಳ್ಳಿ, ಫಾರ್ಮ್ಯಾಟ್ ಆಮೇಲೆ.