ಮಲ್ಲಿಗಿ ಚಿಗುರೇತಿ, ಮೊಗ್ಗ ಇಲ್ಲ!

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. ಮನಿ ಮುಂದ ಕಂಪೌಂಡ್ ಒಳಗ ದುಂಡು ಮಲ್ಲಿಗಿ ಹಚ್ಚೀವಿ. ಶಿವರಾತ್ರಿ ಆದ ಮ್ಯಾಲೆ ಭಾಳ ಚಿಗುರೇತಿ, ಎಲಿ ಹಸರಂದ್ರ ಹಸರು, ಆದ್ರ ಮೊಗ್ಗು ಒಂದೂ ಇಲ್ರಿ. ಬಾಜು ಮನಿಯವರು ದಿನಾ ಮಾಲಿ ಕಟ್ಟಾಕತ್ಯಾರ! ನಾವು ಯೂರಿಯಾ ಹಾಕ್ತೀವಿ, ದಿನಾ ನೀರೂ ಬಿಡ್ತೀವಿ, ಇನ್ನೇನ್ ಮಾಡ್ಬೇಕ್ರಿ? ಇಲ್ಲಾ ನಮ್ಮ ಕೊಪ್ಪಳದ ಬಿಸಿಲಿಗೆ ಅದು ಆಗಂಗಿಲ್ಲೇನು?
— ಓದುಗರು, ಕೊಪ್ಪಳ

ಉತ್ತರ: ಬಿಸಿಲಿನ ಮ್ಯಾಲೆ ತಪ್ಪು ಹಾಕಬ್ಯಾಡ್ರಿ ತಂಗೀ, ಇಲ್ಲೇ ಹೂವಿನಹಡಗಲಿ ಮಲ್ಲಿಗಿಗೆ ಜಿಐ ಟ್ಯಾಗ್ (ಇದು ಆ ಊರಿನ ವಿಶೇಷ ಅನ್ನೋ ಸರ್ಕಾರಿ ಗುರುತು) ಸಿಕ್ಕೇತಿ, ಅಲ್ಲಿ ಏನು ಬಿಸಿಲು ಕಡಿಮಿ ಐತೇನು? (2021ಕ್ಕ ಮೊದ್ಲ ಅದು ಬಳ್ಳಾರಿ ಜಿಲ್ಲಾದಾಗನ ಇತ್ತು, ಈಗ ವಿಜಯನಗರ.) ದಿನಕ್ಕ ಐದಾರು ತಾಸು ಬಿಸಿಲು ಬೀಳ್ಲಿಲ್ಲಂದ್ರನ ಮಲ್ಲಿಗಿ ಮುನಿಸ್ಕೊಳ್ಳೋದು.

ಮೊದ್ಲ ಯೂರಿಯಾ ಬಂದ್ ಮಾಡ್ರಿ. ಅದ್ರಾಗ ನೂರಕ್ಕ 46 ಪಾಲು ನೈಟ್ರೋಜನ್, ಅದು ಎಲಿ ಬೆಳಸ್ತೈತಿ, ಗಿಡ ಎಲಿ ಮಾಡೋದ್ರಾಗನ ಮಗ್ನ ಆಗಿ ಹೂ ಮರತಬಿಡ್ತೈತಿ. ಅದ್ರ ಬದ್ಲಿ ಹಳೇ ತಿಪ್ಪಿ ಗೊಬ್ಬರ, ಒಂದ್ ಹಿಡಿ ಬೇವಿನ ಹಿಂಡಿ ಸಾಕು. ಒಲಿ ಬೂದಿ ಹಾಕ್ರಿ ಅಂತ ಭಾಳ ಮಂದಿ ಹೇಳ್ತಾರ, ಆದ್ರ ನಮ್ಮ ಎರಿ ಮಣ್ಣು ಮೊದ್ಲ ಕ್ಷಾರ, ಬೂದಿ ಸುರದ್ರ ಇನ್ನೂ ಹೆಚ್ಚಾಗ್ತೈತಿ, ಹಿಂಗಾಗಿ ನಾ ಬ್ಯಾಡಂತೀನಿ.

ನೀರೂ ಹಂಗ. ಎರಿ ಮಣ್ಣು ನೀರು ಹಿಡಕೊಂಡು ಕುಂದರ್ತೈತಿ, ದಿನಾ ಬಿಟ್ರ ಬೇರಿಗೆ ಉಸಿರಾಡಾಕ ಆಗಂಗಿಲ್ಲ. ಬುಡದಾಗ ಬೆರಳು ಇಟ್ಟು ನೋಡ್ರಿ, ಎರಡಿಂಚು ಒಣಗಿದ್ರ ಅಷ್ಟ ನೀರು, ಅದೂ ಬೆಳಿಗ್ಗೆ. ಬುಡಕ್ಕ ಶೇಂಗಾ ಹೊಟ್ಟು ಮುಚ್ಚಿದ್ರ ಭೂಮಿ ಕಾಯಂಗಿಲ್ಲ.

ಇನ್ನ ಮುಖ್ಯ ಮಾತು ಅಂದ್ರ ಮಲ್ಲಿಗಿ ಹೂ ಬಿಡೋದು ಹೊಸಾ ಟೊಂಗಿ ಮ್ಯಾಲೆ, ಅದಕ್ಕ ಥಂಡ್ಯಾಗ, ಡಿಸೆಂಬರ್ ಹೊತ್ತಿಗೆ, ಹಳೇ ಟೊಂಗಿ ಮೊಣಕಾಲೆತ್ತರಕ್ಕ ಕಟ್ ಮಾಡ್ತಾರ. ನಿಮ್ಮ ಬಾಜುದವ್ರು ಅದನ್ನ ಮಾಡಿರ್ಬೇಕು, ಕೇಳಿ ನೋಡ್ರಿ. ಈಗ ನೀವು ಹಂಗ ಕಡದ್ರ 40 ಡಿಗ್ರಿ ಬಿಸಿಲಿಗೆ ಟೊಂಗಿ ಸುಟ್ಟಹೋಗ್ತಾವ, ಅದಕ್ಕ ಬರೀ ತುದಿ ಎರಡು ಬೆರಳಷ್ಟು ಚಿವುಟ್ರಿ, ಅಡ್ಡ ಟೊಂಗಿ ಒಡದು ಅಲ್ಲೇ ಮೊಗ್ಗು ಕಾಣಿಸ್ಕೊಳ್ತಾವ.

ಪ್ರಶ್ನೆ: ನಿಂಬಿ ಗಿಡದ ಹೊಸಾ ಎಲಿ ಮ್ಯಾಲೆ ಬೆಳ್ಳಗ ಗೆರಿ ಬಿದ್ದು ಮುದುರ್ಕೊಂಡದ. ಏನು ರೋಗರಿ?
— ಓದುಗರು, ರಾಯಚೂರು

ಉತ್ತರ: ರೋಗ ಅಲ್ರಿ, ರಂಗೋಲಿ ಹುಳ. ಎಳೀ ಚಿಗುರಿಗಷ್ಟ ಅದ್ರ ಕಾಟ, ಎಲಿ ಬಲತ ಮ್ಯಾಲೆ ಅದರ ತಂಟಿಗೆ ಬರಂಗಿಲ್ಲ. ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣಿ, ಎರಡು ಹನಿ ಸೋಪು ಕಲಸಿ ಸಂಜಿಮುಂದ ಸ್ಪ್ರೇ ಮಾಡ್ರಿ, ಮಧ್ಯಾಹ್ನ ಹೊಡದ್ರ ಹುಳ ಸಾಯೂದ್ಕಿಂತ ಮೊದ್ಲ ಎಲಿನ ಸುಡ್ತೈತಿ.

ಪ್ರಶ್ನೆ: ಕರಿಬೇವು ಹೂ ಬಿಟ್ಟೈತಿ, ಹಂಗ ಬಿಡ್ಬೇಕೋ?
— ಓದುಗರು, ಬಳ್ಳಾರಿ

ಉತ್ತರ: ಒಗ್ಗರಣಿಗೆ ಎಲಿ ಬೇಕಂದ್ರ ಗೊಂಚಲ ಚಿವುಟಿ ಒಗೀರಿ. ಬೀಜ ಬೇಕಂದ್ರ ಬಿಡ್ರಿ.