ಗೋವಾ ಗೋಲು ಅಂತರದಲ್ಲಿ ಮುಂದಿತ್ತಲ್ಲ, ಹಾಗಿದ್ರೆ ಬೆಂಗಳೂರು ಮೊದಲನೇ ಸ್ಥಾನ ಹೇಗೆ?

ನೀವು ಕೇಳಿರೋದು 2018-19ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್ ಸೀಸನ್ ಬಗ್ಗೆ ತಾನೇ? 18 ಪಂದ್ಯ ಮುಗಿದಾಗ ಬೆಂಗಳೂರು ಎಫ್‌ಸಿ, ಎಫ್‌ಸಿ ಗೋವಾ ಎರಡಕ್ಕೂ 34 ಅಂಕ. ಎಲ್ಲರೂ ಎಡವೋದು ಇಲ್ಲೇ: ಆ ಸೀಸನ್‌ನಲ್ಲಿ ಅಂಕ ಸಮವಾದ್ರೆ ಮೊದಲು ನೋಡ್ತಿದ್ದದ್ದು ಗೋಲು ಅಂತರವಲ್ಲ, ಆ ಎರಡು ತಂಡಗಳ ಮುಖಾಮುಖಿ ಫಲಿತಾಂಶ. ನಮ್ಮ ಬೆಂಗಳೂರಿನವರು ಗೋವಾದ ಫತೋರ್ಡಾದಲ್ಲಿ 2-1, ಕಂಠೀರವದಲ್ಲಿ 3-0 ಗೆದ್ದಿದ್ರು.

ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ ಸೆಮಿಫೈನಲ್‌ನ ಮೊದಲ ಲೆಗ್ (ಎರಡು ಪಂದ್ಯಗಳಲ್ಲಿ ಮೊದಲನೆಯದು) ಗುವಾಹಟಿಯಲ್ಲಿ 1-2 ಸೋಲು. ಕಂಠೀರವದಲ್ಲಿ 3-0 ಗೆದ್ದು ಒಟ್ಟು 4-2.

ಮುಂಬೈನಲ್ಲಿ ಗೋವಾ ವಿರುದ್ಧ ನಡೆದ ಫೈನಲ್‌ನ ಹೆಚ್ಚುವರಿ ಸಮಯ ಮಾತ್ರ ಪೂರ್ತಿ ನೋಡಿ. ಆ ಹೆಚ್ಚುವರಿ ಸಮಯದ ಮೊದಲಾರ್ಧದ ಕೊನೆಯಲ್ಲಿ ಗೋವಾದ ಜಾಹು ಎರಡನೇ ಹಳದಿ ಕಾರ್ಡ್ ಕಂಡು ಹೊರಗೆ, ಗೋವಾ 10 ಜನ. 117ನೇ ನಿಮಿಷ, ನಮ್ಮ ದಿಮಾಸ್ ಡೆಲ್ಗಾಡೊ ಕಾರ್ನರ್‌ಗೆ ರಾಹುಲ್ ಭೇಕೆ ಹೆಡರ್. ಆಹಾ! ಆ ಗೋಲು ನೆನೆದ್ರೆ ಈಗ್ಲೂ ಮೈ ಜುಮ್ಮೆನ್ನುತ್ತೆ.